ಮರಳಿಸಬೇಕಾದ ದಿನ

ಬೊರೋಸಿನ ಈ ವ್ಯಾಯಾಮಶಾಲೆಗೆ
ನವೆಂಬರಿನಲ್ಲಿ ಮೂರೂವರೆಗೇ ಕತ್ತಲು.
ದೀಪ ಹಾಕಿ, ಹಾರುವ ಮರದ ಕುದುರೆಯನ್ನು
ದರದರ ಎಳೆದು ತಂದೆ. ಇದು ಬೆಟ್ಟ.
ಎರಡು ಬೆಂಚು ಬೋರಲು ಹಾಕಿದೆ. ಇದು ದೋಣಿ.
ಹಳೇ ಬೆವರಿನ ವಾಸನೆಯ ನೀಲಿ ಚಾಪೆ, ಸಮುದ್ರ.
ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ಒಂದು ಮೇಜು, ಒಂದು ಕುರ್ಚಿ:
ಗಡಿ.

ನಿನಗೆ ಅನುಭವ ಇದೆಯಲ್ಲ ಸೆನಿಯಾ, ಅಂದಿದ್ದಳು ಮುಖ್ಯೋಪಾಧ್ಯಾಯಿನಿ.
ಅನುಭವ. ಕೆಲಸದ ಅರ್ಜಿಯಲ್ಲಿ ತುಂಬುವ ಪದ.

ಹದಿನಾಲ್ಕು ಮಕ್ಕಳು. ಎಂಟನೆಯ ತರಗತಿ.
ಹಾಳೆ ನೋಡಿ ಓದಿದೆ:
"ನಿಮಗೆ ಹತ್ತು ನಿಮಿಷ. ಐದೇ ವಸ್ತು ಆರಿಸಿಕೊಳ್ಳಿ."
ಟಿಂಡ್ರಾ ಚಾರ್ಜರ್ ಅಂದಳು, ಮೆಲ್ವಿನ್ ನಾಯಿ ಅಂದ,
ನಾಯಿ ವಸ್ತುವೇ ಎಂದು ಜಗಳ ಹತ್ತಿ
ಹತ್ತರಲ್ಲಿ ಏಳು ನಿಮಿಷ ನಾಯಿಗೇ ಹೋಯಿತು.
ನಾನು ತಡೆಯಲಿಲ್ಲ. ಹಾಗೇ ಹೋಗುತ್ತದೆ ಅದು.

ನಮ್ಮಮ್ಮ, ಕಾಫಿ ಬೀಸುವ ಹಿತ್ತಾಳೆ ಗಿರಣಿಯ
ಹಿಡಿಯನ್ನಷ್ಟೇ ಜೇಬಿಗೆ ಹಾಕಿಕೊಂಡು ಹೊರಟಿದ್ದಳು.
ಗಿರಣಿ ಅಲ್ಲೇ ಒಲೆಯ ಪಕ್ಕ, ಅರ್ಧ ಬೀಸಿದ ಬೀಜದ ಸಮೇತ.
ಮೂವತ್ತು ವರ್ಷದಿಂದ ಆ ಹಿಡಿ
ನಮ್ಮ ಚಮಚಗಳ ನಡುವೆ ಮಲಗಿದೆ, ಯಾತಕ್ಕೂ ಹೊಂದದೆ.
ಇದನ್ನು ಮಕ್ಕಳಿಗೆ ಹೇಳುವುದಿಲ್ಲ.
ಹಾಳೆಯಲ್ಲಿ ಬರೆದಿಲ್ಲ.

ಹೋದ ಸಲ ಗುಂಡಿನ ಸದ್ದೂ ಇತ್ತು, ಧ್ವನಿಮುದ್ರಿಸಿದ್ದು.
ಈ ಸಲ ಬೇಡ ಅಂದೆ. ಯಾಕೆ ಅಂದರು.
ಸ್ಪೀಕರು ಕೆಟ್ಟಿದೆ ಅಂದೆ.

ಬೆಟ್ಟ ಹತ್ತಿದರು. ನಕ್ಕರು, ಜಾರಿದರು, ಮತ್ತೆ ನಕ್ಕರು.
ಎಷ್ಟು ಸೆಕೆಂಡಾಯಿತು ಎಂದು ಯಾರೋ ಕೂಗಿದರು.
ಮುಂದೆ ನಿಂತು ದಾರಿ ತೋರುವವಳು ಈಗ ನಾನು.
ಅಂದು ದ್ರಿನಾ ನದಿಯ ದಂಡೆಯಲ್ಲಿ
ಯಾರದೋ ಕೋಟಿನ ಬೆನ್ನಹೊಲಿಗೆ ನೋಡುತ್ತ ನಡೆದಿದ್ದೆ.
ಎಲ್ಲರಿಗಿಂತ ಮುಂದಿದ್ದಾತನಿಗೆ ದಾರಿ ಗೊತ್ತಿತ್ತೆ?
ಇಲ್ಲಿ ನಿಂತಾಗ ಅನಿಸುತ್ತದೆ, ಇರಲಿಕ್ಕಿಲ್ಲ.
ಅವನ ಕೈಯಲ್ಲೂ ಯಾರೋ ಕೊಟ್ಟ ಹಾಳೆ ಇದ್ದಿರಬೇಕು,
ಓದಲು ಬೆಳಕಿರಲಿಲ್ಲ.

ದೋಣಿಯಲ್ಲಿ ಕೈ ಕೈ ಹಿಡಿದು ಕೂತರು.
ಆಗ ಫಿಲ್ಮೋನ್, ಆಗಸ್ಟಿನಲ್ಲಿ ತರಗತಿ ಸೇರಿದವನು,
ತೊದಲು ಸ್ವೀಡಿಷ್‌ನಲ್ಲಿ ಎರಡೇ ಮಾತು:
"ಕೈ ಬೇಡ. ಹಗ್ಗ."
ಹಗ್ಗ ಎಲ್ಲಿದೆ, ಅಂದಳು ಟಿಂಡ್ರಾ.
ಅವನು ಬಗ್ಗಿ ತನ್ನ ಶೂ ಲೇಸು ಬಿಚ್ಚಿದ, ಇನ್ನೊಂದನ್ನೂ,
ಜೋಡಿಸಿ ಬೆಂಚಿನ ಕಾಲಿಗೆ ಬಿಗಿದ.
ಮೆಲ್ವಿನ್ ತನ್ನದು ಕೊಟ್ಟ. ಆಮೇಲೆ ಒಬ್ಬೊಬ್ಬರೂ.
ಒಂದು ಹೊಳೆಯುವ ಹಸಿರು ಲೇಸು ನೆನಪಿದೆ.
ನಗು ಯಾವಾಗ ನಿಂತಿತೋ ತಿಳಿಯಲಿಲ್ಲ.
ಸಡಿಲ ಶೂಗಳಲ್ಲಿ ಕಾಲೆಳೆಯುತ್ತ ಗಡಿಗೆ ಬಂದರು.

ಅಲ್ಲಿ ಟೋರ್‌ಬ್ಯೋರ್ನ್, ಎಪ್ಪತ್ತೊಂಬತ್ತರ ಕಾವಲುಗಾರ.
ಗದರಿಸಬೇಕು ಎಂದು ಎರಡು ಸಲ ಹೇಳಿಕೊಟ್ಟಿದ್ದೆ.
ಗದರಲು ಬಾರದು ಆ ಮನುಷ್ಯನಿಗೆ.
ಹೆಸರು ಕೇಳಿ, ಚಳಿ ಆಗ್ತಿದೆಯಾ ಎಂದೂ ಕೇಳಿ,
ಎಲ್ಲರ ಚೀಟಿಗೂ ಠಪ್ಪೆಂದು ಮುದ್ರೆ ಒತ್ತಿದ.
ಮುದ್ರೆ ಅವನ ಹೆಂಡತಿ ಗುನ್‌ವೋರಳದು,
ಬಾಗಿಲು ಮುಚ್ಚಿದ ಬಡಾವಣೆಯ ಗ್ರಂಥಾಲಯದ್ದು.
ಆಕೆ ಹೋದಮೇಲೆ ಡ್ರಾಯರಿನಲ್ಲಿ ಸಿಕ್ಕಿತಂತೆ.

ಮುಗಿಯಿತು ಅಂದೆ. ಚಾಪೆ ಸುತ್ತಿದರು.
ದಾಲ್ಚಿನ್ನಿ ಬನ್ನು, ಬಿಸಿ ಚಾಕಲೇಟು.
ತಲೆ ಎಣಿಸಿದೆ. ಅಭ್ಯಾಸ. ಬಸ್ಸಿನಲ್ಲೂ
ಗುರುತಿಲ್ಲದವರನ್ನು ಎಣಿಸುತ್ತಿರುತ್ತೇನೆ.
ಹದಿಮೂರು.

ಮೇಜಿನ ಮುಂದೆ ನಿಂತೇ ಇದ್ದ ಫಿಲ್ಮೋನ್,
ಎರಡೂ ಕೈಯಲ್ಲಿ ಚೀಟಿ.
"ಇದನ್ನ ನಾನು ಇಟ್ಕೊಳ್ಳಬಹುದಾ?"
ಏನು ಹೇಳಲೂ ತೋಚದೆ ಟೋರ್‌ಬ್ಯೋರ್ನ್
ತನ್ನ ಪಾಲಿನ ಬನ್ನನ್ನೂ ಅವನತ್ತ ಸರಿಸಿದ.
ಹುಡುಗ ಅಕ್ಷರಕ್ಕೆ ಅಕ್ಷರ ಕೂಡಿಸಿ
ಗಟ್ಟಿಯಾಗಿ ಓದಿದ, ಮೇಷ್ಟ್ರೆದುರು ಓದುವ ಹಾಗೆ:
ಮರಳಿಸಬೇಕಾದ ದಿನ.
ಕೆಳಗೊಂದು ತಾರೀಖು, ಅವನು ಹುಟ್ಟುವುದಕ್ಕೂ ಮುಂಚಿನದು.

ಹಾಗಂದರೆ ಏನು ಎಂದು ನನ್ನನ್ನು ಕೇಳಿದ.
ಪುಸ್ತಕಕ್ಕೆ ಹಾಕುವುದಪ್ಪ, ಅಂದೆ.
ಹ್ಞೂಂ ಅಂದ. ನಂಬಿದನೋ ಇಲ್ಲವೋ.
ಮಂಡಿಯೂರಿ, ಬೆಂಚಿನ ಕಾಲಿನ ಗಂಟಿಗೆ ಉಗುರು ಹಾಕಿದೆ.
ಬಿಚ್ಚಲಾಗಲಿಲ್ಲ.
ಅಷ್ಟು ಚೆನ್ನಾಗಿ ಹಾಕಿದ್ದ.