ಅರ್ಧಕ್ಕಿಂತ ಹೆಚ್ಚು

ಮಾರ್ಚ್ ಮೊದಲ ಶನಿವಾರ. ಹ್ಯಾನ್‌ಕಾಕ್‌ನಲ್ಲಿ ಹಿಮ
ಇನ್ನೂ ಕಿಟಕಿಯ ಕುತ್ತಿಗೆವರೆಗೆ.
ಲೈಬ್ರರಿಯ ನೆಲಮಾಳಿಗೆಯಲ್ಲಿ
ಪುಕ್ಕಟೆ ತೆರಿಗೆ ತುಂಬಿಕೊಡುವ ಆಸ್ಟ್‌ಬಿ ಮೇಷ್ಟ್ರು
ಕಿವಿಯ ಯಂತ್ರ ಸರಿಪಡಿಸಿಕೊಂಡು ಕೇಳಿದರು:
"ಅವಲಂಬಿತರು ಯಾರಾದರೂ, ಇರ್ಮಾ?"

ಆ ಮಾತು ಕೇಳಿದಾಗೆಲ್ಲ ನನಗೆ ಬಾವಲಿಯ ನೆನಪು:
ತಲೆಕೆಳಗಾಗಿ ಜೋತುಬಿದ್ದು
ಹಗಲೆಲ್ಲ ನಿದ್ದೆ.

ಇದ್ದಾನೆ, ಅಂದೆ. ಮಗ. ಆರ್ವೊ.
(ನನ್ನಪ್ಪನ ಹೆಸರು; ನಮ್ಮ ಹಳೆಯ ಫಿನ್ನಿಷ್ ನುಡಿಯಲ್ಲಿ
ಬೆಲೆ ಎಂದರ್ಥ.)
"ವಯಸ್ಸು?"
ಮೂವತ್ತೊಂದು ಅನ್ನುವಾಗ
ಪಕ್ಕದ ಕುರ್ಚಿಯ ಹೆಂಗಸು ತನ್ನ ರಸೀದಿಗಳನ್ನು
ಬೇಕಾದ್ದಕ್ಕಿಂತ ನಿಧಾನವಾಗಿ ಜೋಡಿಸತೊಡಗಿದಳು.

ಮೇಷ್ಟ್ರ ಮುಖದಲ್ಲಿ ಏನೂ ಇಲ್ಲ.
ಆರ್ವೊಗೂ ಗಣಿತ ಕಲಿಸಿದವರು, ಭಿನ್ನರಾಶಿವರೆಗೆ.
"ವರ್ಷವಿಡೀ ನಿಮ್ಮ ಮನೆಯಲ್ಲೇ?"
ಅಲ್ಲೇ. ಕೆಳಗಿನ ಕೋಣೆ, ಬಾಯ್ಲರಿನ ಪಕ್ಕ.
"ಆದಾಯ?"
ಇಲ್ಲ, ಅಂದೆ, ನಾಚಿಕೆಯಿಂದಲ್ಲ, ರೂಢಿಯಿಂದ.
"ಅವನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದೇ?"

ಅರ್ಧವನ್ನು ಎಲ್ಲಿಂದ ಎಣಿಸುವುದು?
ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಮಡಚಿದ ಚಾದರಗಳಿಂದಲೇ?
ಓಟ್ಸು, ಮೊಟ್ಟೆ, ಅವನ ಫೋನಿನ ಬಿಲ್ಲು,
ಹಲ್ಲು ಕೀಳಿಸಿದ ಮುನ್ನೂರ ನಲವತ್ತು ಡಾಲರು
ಒಂದು ತಟ್ಟೆಯಲ್ಲಿ, ಸರಿ.
ನನ್ನ ಮಂಡಿ ಆಪರೇಷನ್ನಾದ ಆರು ವಾರ
ಟಿವಿಯ ಕಡೆ ಕಣ್ಣಿಟ್ಟುಕೊಂಡೇ
ಮಾತಿಲ್ಲದೆ ನನ್ನ ಕಾಲುಗುರು ಕತ್ತರಿಸಿದನಲ್ಲ,
ಅದಕ್ಕೆ ಯಾವ ಕಲಮು?

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರೆ ಚಿಕ್ಕವರಿಗೆ.
ನನ್ನವನದು ತಿರುವುಮುರುವು:
ವರ್ಷಕ್ಕೊಮ್ಮೆ ಲೆಕ್ಕಕ್ಕುಂಟು,
ಆಟಕ್ಕೆ ಯಾರೂ ಕರೆಯುವುದಿಲ್ಲ.

ಮಂಗಳವಾರ ಫೋನು.
"ವಾಪಸು ಬಂದಿದೆ, ಇರ್ಮಾ. ಅವನ ನಂಬರು
ಆಗಲೇ ಇನ್ನೊಂದು ಅರ್ಜಿಯಲ್ಲಿದೆ."
ಕಳ್ಳರಾ? ಅಂದೆ.
"ಇರಬಹುದು." ಉಸಿರಿನಷ್ಟು ಹೊತ್ತು ತಡೆದು,
"ಅವನೇ ಇರಬಹುದು."

ಶರತ್ಕಾಲವಿಡೀ ಅವನ ಜಾಕೆಟ್ಟು ಮೀನು ನಾರುತ್ತಿತ್ತು.
ಸಂಜೆ ಗಾಳ ಹಿಡಿದು ಹೊರಡುತ್ತಿದ್ದ,
ಬೆಳಗಿನ ಜಾವ ಬರಿಗೈಯಲ್ಲಿ ಬರುತ್ತಿದ್ದ.
ಒಂದೂ ಸಿಗಲಿಲ್ಲವೇನೋ?
"ಇಲ್ಲಮ್ಮ."
ಸಿಕ್ಕಿದ್ದವು, ಸಾವಿರಗಟ್ಟಲೆ,
ಕಾಲುವೆಯಾಚೆ ಮೀನು ಸೀಳುವ ಶೆಡ್ಡಿನಲ್ಲಿ,
ರಾತ್ರಿಪಾಳಿ, ಹದಿನಾರು ವಾರ.

ಕಾಗದ ಹಾಸಿಗೆಯ ಮೇಲೆಯೇ ಬಿದ್ದಿತ್ತು:
ಏಳು ಸಾವಿರದ ನೂರ ಎಂಟು.
ಮೇಲೆ, ಅವನ ಹೆಸರಿನ ಹತ್ತಿರ, ಒಂದು ಪುಟ್ಟ ಚೌಕ:
ನಿಮ್ಮನ್ನು ಬೇರೊಬ್ಬರು
ತಮ್ಮ ಅವಲಂಬಿತರೆಂದು ತೋರಿಸಬಹುದೇ?
ಖಾಲಿ ಬಿಟ್ಟಿದ್ದ.
ವಿಳಾಸ ಮಾತ್ರ ನನ್ನದೇ.

ಅವನು ಒಲೆಯ ಮುಂದೆ ಮೊಟ್ಟೆ ಬೇಯಿಸುತ್ತಿದ್ದ.
ಹೇಳಬಾರದಿತ್ತೇನೋ?
"ಹೇಳಿದ್ದರೆ ನೀನು ಇಡೀ ಚರ್ಚಿಗೆ ಹೇಳುತ್ತಿದ್ದೆ.
ಆಮೇಲೆ ಕೆಲಸ ಹೋದ ದಿನ
ಅವರಿಗೆಲ್ಲ ಅದನ್ನೂ ಹೇಳಬೇಕಾಗುತ್ತಿತ್ತು."
ಡಿಸೆಂಬರಿಗೆ ಹೋಗಿತ್ತು ಕೂಡ.
ನೀರು ಕುದಿಯುತ್ತಲೇ ಇತ್ತು.
ಎರಡು ಮೊಟ್ಟೆ, ಅಂತ ಆಗ ಕಂಡೆ.

ಮತ್ತೆ ಶನಿವಾರ. ಮೇಷ್ಟ್ರು ಅವನ ಸಾಲು ಅಳಿಸುತ್ತ
"ಐನೂರು ಡಾಲರು ಕಡಿಮೆಯಾಗುತ್ತೆ" ಅಂದರು,
ಸಾವಿನ ಮನೆಯಲ್ಲಿ ಆಡುವ ದನಿಯಲ್ಲಿ.
ಆಗಲಿ ಬಿಡಿ, ಅಂದೆ.
ಅಂದೆನೇ ಹೊರತು,
ಪರದೆಯ ಮೇಲೆ ಆ ಹೆಸರು ನೀಲಿಯಾಗಿ, ಇಲ್ಲವಾದಾಗ
ಅವನಿಗೆ ಹಾಲು ಬಿಡಿಸಿದ ವಾರದ ಹಾಗೆ
ಎದೆ ಕಟ್ಟಿಕೊಂಡಿತು, ಭಾರವಾಗಿ,
ಯಾರಿಗೆ ಅಂತ ಗೊತ್ತಿಲ್ಲದೆ.

ಹೊರಗೆ ಅವನು ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದ.
"ಮುಗೀತಾ?"
ಮುಗೀತು.
ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ತಿರುಗಿಸಿ
ತಾನೇ ಇಳಿದ, ಜೇಬು ತಡಕಿದ.
ಮೀಟರು ಓಡುತ್ತಿತ್ತು.
ನಾನು ಆಚೆ ನೋಡುತ್ತ ಕೂತೆ.