ಎಲ್ಲರಿಗೂ, ಹತ್ತು ನಿಮಿಷ

ಸಲೂನಿನಲ್ಲಿ ನಾನು ಬೆಲ್ಲಾ.
ಕರಾಮದ ಹೆಂಗಸರ ಹುಬ್ಬಿಗೆ ದಾರ ಎಳೆಯುವ
ಬೆಲ್ಲಾ, ಇಂಡಿಯಾದವಳು, ಅಷ್ಟೇ.
ಹೊಂಬಾಳಮ್ಮ ಎಂಬುದು
ಪಾಸ್‌ಪೋರ್ಟಿನ ಜೊತೆ ಮೇಡಮ್ಮಿನ ಬೀರುವಿನಲ್ಲಿತ್ತು.

ಇತ್ತು ಅಂದುಕೊಂಡಿದ್ದೆ.
ಫೋನು ಮಾರಿದ ದೇರಾದ ಹುಡುಗ
ಸಿಮ್ಮಿಗೆಂದು ಕೊಟ್ಟ ಕಾರ್ಡು ನೋಡಿ
ಅದಕ್ಕೊಂದು ಹೆಸರಿಟ್ಟಿದ್ದ: ಹೊಂಬಾಳಮ್ಮನ ಫೋನ್.
ಎರಡು ವರ್ಷ ಅದು
ಹಸಿರು ಗೆರೆಯ ಮೆಟ್ರೋದಲ್ಲಿ, ದಿನಕ್ಕೆರಡು ಹೊತ್ತು,
ತಮಟೆಯಿಲ್ಲದ ತಳವಾರನ ಹಾಗೆ
ನನ್ನನ್ನು ಸಾರುತ್ತಲೇ ಇತ್ತು;
ನನಗೊಬ್ಬಳಿಗೆ ಕೇಳಿರಲಿಲ್ಲ.

ಗೊತ್ತಾದದ್ದು ಒಂದು ಗುರುವಾರ ರಾತ್ರಿ.
ಹೆಂಗಸರ ಡಬ್ಬಿ. ನೆಲದ ಮೇಲೆ ಗುಲಾಬಿ ಗೆರೆ.
ಆಚೆಗೆ ಗಂಡಸರು, ದಾಟಿದರೆ ನೂರು ದಿರ್ಹಮ್ ದಂಡ.
ಫೋನು ಟಣ್ ಅಂತು.
ಯಾರೋ ಚಿತ್ರ ಕಳಿಸುತ್ತಿದ್ದಾರೆ, ತಗೊಳ್ಳುವಿರಾ, ಬೇಡವಾ?
ಕೇಳುವುದೇನೋ ಕೇಳಿತು, ಮರ್ಯಾದಸ್ಥನಂತೆ,
ಆದರೆ ಕೇಳುತ್ತಲೇ
ಅಂಗೈಯಗಲ ಬಿಡಿಸಿ ತೋರಿಸಿಬಿಟ್ಟಿತ್ತು.
ಬೇಡ ಎಂದು ಒತ್ತಿದೆ. ಒತ್ತುವಷ್ಟರಲ್ಲಿ ಕಂಡಾಗಿತ್ತು.
ಏನು ಅಂತ ಹೇಳುವುದಿಲ್ಲ. ನೀವೂ ಕೇಳಬೇಡಿ.

ಮತ್ತೆ ಟಣ್. ಬೇಡ.
ಮತ್ತೆ ಟಣ್.
ಚಿತ್ರ ಗೆರೆ ದಾಟಿತು, ಯಾರೂ ರಸೀದಿ ಹರಿಯಲಿಲ್ಲ.
ಆಚೆ ಇಪ್ಪತ್ತು ಮುಖ, ಇಪ್ಪತ್ತೂ ಫೋನಿಗೆ ಬಾಗಿದ್ದವು.
ಅವರಲ್ಲೊಬ್ಬನಿಗೆ
ನನ್ನವ್ವ ಇಟ್ಟ ಹೆಸರು ಗೊತ್ತಿತ್ತು.

ಕುಸೈಸಿನ ರೂಮಿನಲ್ಲಿ ಮೇಲಿನ ಮಂಚದ ಮಾರಿವಿಕ್
ಕಾಲು ಇಳಿಬಿಟ್ಟು ಕೂತು ಕಲಿಸಿದಳು:
ಯಾರಿಗೂ ಬೇಡ ಅಂದರೆ ಇದು.
ಗುರುತಿನವರಿಗೆ ಮಾತ್ರ ಅಂದರೆ ಇದು.
ಎಲ್ಲರಿಗೂ ಅಂದರೆ ಈಗ ಹತ್ತೇ ನಿಮಿಷ,
ಆಮೇಲೆ ಬಾಗಿಲು ತಾನೇ ಹಾಕಿಕೊಳ್ಳುತ್ತೆ.
ಹೆಸರು ಬದಲಿಸು ಮೊದಲು. ನನ್ನದು ಪ್ರಿಂಟರ್ ನಾಲ್ಕು.
ಪ್ರಿಂಟರಿಗೆ ಯಾವನೂ ಅಂಥದ್ದು ಕಳಿಸಲ್ಲ.

ಖಾಲಿ ಜಾಗದಲ್ಲಿ ಸಣ್ಣ ಗೀಟೊಂದು ಮಿಟುಕುತ್ತಿತ್ತು.
ಚನ್ನಪಟ್ಟಣದ ಕೇರಿ. ನಾನಿನ್ನೂ ಗಿಡ್ಡ ಲಂಗದವಳು.
ದೆವ್ವ ಬರುತ್ತಂತೆ, ಗೊತ್ತಿದ್ದವರ ದನಿಯಲ್ಲೇ ಕೂಗುತ್ತಂತೆ,
ಓಗೊಟ್ಟರೆ ಮುಗೀತಂತೆ.
ರೇಷ್ಮೆ ಬಿಚ್ಚಿ ಬೆಂದ ಬೆರಳಲ್ಲಿ ಸೀಮೆಸುಣ್ಣ ಹಿಡಿದು
ಅಕ್ಷರ ಬಾರದ ಅವ್ವ
ಪಕ್ಕದ ಮನೆ ಬಾಗಿಲು ನೋಡಿ ನೋಡಿ ಬರೆದಿದ್ದಳು,
ಳಕಾರ ತಿರುಗಾಮುರುಗಾ:
ನಾಳೆ ಬಾ.
ಒಂದ್ಸಲ ಕೂಗುದ್ರೆ ಓ ಅನ್ಬ್ಯಾಡ ಕಣವ್ವ,
ಮೂರ್ ಸಲ ಕೂಗ್ಲಿ.

ಅದನ್ನೇ ಇಟ್ಟೆ ಫೋನಿಗೆ.
ಇದು ನಿಮ್ಮ ದೇವರ ಹೆಸರಾ? ಮಾರಿವಿಕ್ ಕೇಳಿದಳು.
ಹೂಂ ಅಂದೆ. ಪೂರಾ ಸುಳ್ಳಲ್ಲ.

ತಿಂಗಳುಗಟ್ಟಲೆ ಯಾರೂ ಬರಲಿಲ್ಲ.

ಮೊನ್ನೆ, ರೈಲು ಖಾಡಿಯ ನೀರಿನಡಿ ಹೋಗುವಾಗ,
ಪಕ್ಕದಲ್ಲಿ ಕೂತ ಮಾರಿವಿಕ್‌ಳಿಂದ ಬಾಡಿಗೆ ರಸೀದಿ ಬರಬೇಕಿತ್ತು,
ಹತ್ತು ನಿಮಿಷಕ್ಕೆಂದು ಬಾಗಿಲು ತೆಗೆದೆ.
ಬಂತು. ನಾನೂ ಒಂದು ಕಳಿಸಲು ಪಟ್ಟಿ ತೆರೆದರೆ
ಪ್ರಿಂಟರ್ ನಾಲ್ಕು, ಅಬು ಯೂಸುಫ್,
ಲಿಯಾನಳ ಟ್ಯಾಬು,
ಅವುಗಳ ನಡುವೆ, ದುಂಡನೆಯ ಕನ್ನಡದಲ್ಲಿ:
ನಿನ್ನೆಯೂ ಹಿಂಗೇ ಅಂದಿದ್ದೆ.

ಎದೆ ಧಸಕ್ಕೆಂದಿತು. ಮರುಗಳಿಗೆ
ನಗು, ಮೂಗಿನಿಂದ, ಪಕ್ಕದ ಬುರ್ಖಾದಾಕೆ ತಿರುಗಿ ನೋಡುವಷ್ಟು.
ಯಾರು? ಗೆರೆಯ ಈಚೆಯೋ ಆಚೆಯೋ?
ಆ ರಾತ್ರಿಯ ಕೈಯೋ, ಮದ್ದೂರು ಕಡೆಯ ಯಾವಳೋ ನರ್ಸೋ?
ಅಂದಿದ್ದೆ ಅಂದರೆ ಹೆಣ್ಣೂ ಆದೀತು, ಗಂಡೂ ಆದೀತು;
ನಮ್ಮ ಮಾತು ಅಷ್ಟರಮಟ್ಟಿಗೆ
ತನ್ನದೇ ಒಂದು ಪರದೆ ಇಟ್ಟುಕೊಂಡಿದೆ.

ಚಿತ್ರ ಬರಲಿಲ್ಲ. ಟಣ್ ಅನ್ನಲಿಲ್ಲ.
ಯೂನಿಯನ್. ಸಲಾಹುದ್ದೀನ್. ಜನ ಇಳಿದರು, ಹತ್ತಿದರು.
ರೈಲು ಮೇಲೆದ್ದು ದೀಪಗಳಿಗೆ ಬಂತು, ಹತ್ತು ನಿಮಿಷ ಮುಗಿದು
ಬಾಗಿಲು ತಾನೇ ಹಾಕಿಕೊಂಡಿತು.

ಬೆರಳು ಮತ್ತೆ ಎಲ್ಲರಿಗೂ ಎಂಬುದರ ಮೇಲೆ ಹೋಗಿ ನಿಂತಿತು.
ಮೂರು ಸಲ ಅಂದಿದ್ದಳು ಅವ್ವ.
ಇದಿನ್ನೂ ಒಂದನೆಯದು.