ಗೆರೆಯಾಚೆಯ ಬಿಳಿ

ಮೂವತ್ತೊಂದು ವರ್ಷ ನಾನು ನೋಡಿದ್ದು
ಶಿವಮೊಗ್ಗವನ್ನಲ್ಲ, ಅದರ ನಕಾಶೆಗಳನ್ನು.
ಎರಡನೇ ಮಹಡಿ, ಕಿಟಕಿಗೆ ಬೆನ್ನು.
ನಗರಸಭೆ ಹೋಗಿ ಪಾಲಿಕೆ ಬಂತು, ಕುರ್ಚಿ ಅದೇ.
ಮೊದಮೊದಲು ಅಮೋನಿಯಾ ಘಾಟಿನ ನೀಲಿ ಹಾಳೆ,
ಆಮೇಲಾಮೇಲೆ ಕಂಪ್ಯೂಟರಿನ ಬಿಳಿ ಹಾಳೆ.

ಮೆಟ್ಟಿಲೆಷ್ಟು, ಕಂಬವೆಷ್ಟು, ಕಕ್ಕಸು ಯಾವ ಮೂಲೆಗೆ,
ದೇವರ ಕೋಣೆಯ ಬಾಗಿಲು ಯಾವ ದಿಕ್ಕಿಗೆ,
ಎಲ್ಲ ಇರುತ್ತಿತ್ತು ಸಣ್ಣ ಅಂಕಿಯಲ್ಲಿ.
ಸುತ್ತ ಒಂದು ದಪ್ಪ ಗೆರೆ, ಸೈಟಿನ ಎಲ್ಲೆ.
ಗೆರೆಯಾಚೆ ಏನೂ ಇಲ್ಲ.
ಬಿಳಿ.
ಬಿಳಿಯ ನಡುವೆ ಒಂದೇ ಪದ, ರಸ್ತೆ,
ಪಕ್ಕದಲ್ಲಿ ಅದರ ಅಗಲ.

ನಾನು ದಿನಾ ನಡೆದು ಬರುತ್ತಿದ್ದದ್ದು ಆ ಬಿಳಿಯಲ್ಲೇ.
ದುರ್ಗಿಗುಡಿಯ ಸಂದಿಯಿಂದ ಹೊರಟು
ಒಬ್ಬನ ರ‍್ಯಾಂಪು ಹತ್ತಿ, ಇನ್ನೊಬ್ಬನ ಮೆಟ್ಟಿಲಿಳಿದು,
ಜನರೇಟರಿನ ಬಿಸಿಯುಸಿರಿಗೆ ಸೆರಗು ಅಡ್ಡ ಹಿಡಿದು,
ನಾಲ್ಕು ಅಂಗಡಿಗೆ ನಾಲ್ಕು ಎತ್ತರದ ಫುಟ್‌ಪಾತು.
ಒಂದೊಂದೂ ನಿಯಮದಂತೆಯೇ ಇತ್ತು,
ಒಂದೊಂದರ ಫೈಲೂ ನನ್ನ ಮೇಜು ದಾಟಿ ಹೋಗಿತ್ತು.
ಸಾಲಾಗಿ ನಿಂತಾಗ ಮಾತ್ರ
ಮದುವೆ ಮನೆಯಲ್ಲಿ ಬೆನ್ನು ಹಾಕಿ ಕೂತ
ದಾಯಾದಿಗಳ ಹಾಗೆ.

ಮೆಲ್ವಿನ್ ಅಂತ ಒಬ್ಬ ಆರ್ಕಿಟೆಕ್ಟು, ಗೋಪಾಳದ ಹುಡುಗ.
ಎಷ್ಟು ಗಂಟೆಗೆ ಯಾವ ಕಿಟಕಿಗೆ ಬಿಸಿಲು ಎಂದು ಬಲ್ಲವ.
'ಇಲ್ಲಿನ ಹೊಂಗೆ ಮರ ಎಲ್ಲಿ ಹೋಯ್ತಪ್ಪ?' ಎಂದೆ.
'ಅದು ಸೈಟಿನಲ್ಲಿ ಬರಲ್ಲ ಮೇಡಂ.'
ಪೂರ್ತಿ ಸುಳ್ಳಲ್ಲ. ಅರ್ಧ ಬರುತ್ತಿತ್ತು.

ಸಂಜೆ ಎಲ್ಲರೂ ಹೋದ ಮೇಲೆ
ಪರ್ಸಿನಿಂದ ಎರಡು ರೂಪಾಯಿ ನಾಣ್ಯ ತೆಗೆದು
ಗೆರೆಯ ಮೇಲಿಟ್ಟು, ಸುತ್ತ ಪೆನ್ಸಿಲು ತಿರುಗಿಸಿದೆ.
ಒಂದಕ್ಕೆ ನೂರರ ಅಳತೆ.
ನಾಣ್ಯದಗಲ ಅಂದರೆ ಊರಿನಲ್ಲಿ
ಹತ್ತಿರ ಹತ್ತಿರ ಒಂಬತ್ತಡಿ ನೆರಳು.

ಚಟ ಹತ್ತಿತು. ಸಿಕ್ಕ ಬಿಳಿಯಲ್ಲೆಲ್ಲ ಗೀಚಿದೆ:
ಎಳನೀರಿನ ಗಾಡಿ, ಆಟೋ ತಿರುಗುವ ತಿರುವು,
ಸಿಟಿ ಬಸ್ಸಿಗೆ ಕಾಯುವ ನರ್ಸಿಂಗ್ ಹುಡುಗಿಯರಿಗೆ ಐದು ಚುಕ್ಕಿ,
ನಡುಹಗಲೇ ಮಲಗುವ ಕಂದು ನಾಯಿಗೆ ಒಂದು ಅಲ್ಪವಿರಾಮ.
ಕುಬೇರಪ್ಪ ಸಾಹೇಬರು ಕನ್ನಡಕ ಮೇಲೆತ್ತಿ
'ಏನ್ರೀ ಇದು, ಹಾಳೆಯೆಲ್ಲ ಗಲೀಜು?' ಅನ್ನುವರು.
ಒರೆಸಿ ಕೊಡುತ್ತಿದ್ದೆ.
ನಾಯಿ ಬೇಗ ಅಳಿಸುತ್ತಿತ್ತು, ಮರ ನಿಧಾನ.

ಆ ಹೊಂಗೆಯ ಹಾಳೆ ಮಾತ್ರ ಹೇಗೋ ತಪ್ಪಿಸಿಕೊಂಡಿತು.
ಸಹಿ ಬಿತ್ತು, ಮೊಹರು ಬಿತ್ತು.
ಗೋಡೆ ಏಳುವ ಹೊತ್ತಿಗೆ ಮರವೂ
ಚರಂಡಿ ಕಾಮಗಾರಿಗೆ ಉರುಳಿತ್ತು.
ಮೇಸ್ತ್ರಿ ಹಾಲೇಶಪ್ಪ ನಂಬಿದ್ದು ಹಾಳೆಯನ್ನು.
'ನಕಾಶೆಯಲ್ಲಿ ಸುತ್ತು ಇತ್ತು, ಬಿಟ್ಟೆ' ಅಂದನಂತೆ.
ಕಾಂಪೌಂಡಿಗೆ ಅರ್ಧಚಂದ್ರ ಕೊಟ್ಟು
ಅಂಚಿಗೆ ನಯವಾಗಿ ಗಾರೆ ತಿಕ್ಕಿದ.
ಮೆಲ್ವಿನ್ ಕೂಗಾಡಿದ. ಒಡೆಯುವ ದುಡ್ಡು ಯಾರು ಕೊಡಬೇಕು?
ಉಳಿಯಿತು, ಸವಳಂಗ ರಸ್ತೆಯಲ್ಲಿ,
ಯಾರ ಲೆಕ್ಕಕ್ಕೂ ಸೇರದ ಒಂದು ಬಾಗು.

ನಿವೃತ್ತಿಯಾದ ಮರುವಾರ ನೋಡಲು ಹೋದೆ.
ಮೇಲೆ ನಾಲ್ಕು ಮಹಡಿ ಗಾಜು,
ಬಂದ ಆಕಾಶವನ್ನು ಬಂದ ಹಾಗೇ ವಾಪಸು ಕಳಿಸುತ್ತ.
ಕೆಳಗೆ, ಬಾಗಿನೊಳಗೆ, ಬೀಗದ ಕೈ ಮಾಡುವ ದಾದಾಪೀರ್,
ಗೋಡೆಯ ಡೊಂಕಿಗೆ ಸರಿಯಾಗಿ ಬೆನ್ನು ಕೊಟ್ಟು.
ಬಸ್ಸಿಗೆ ಕಾಯುವ ಇಬ್ಬರು ಹುಡುಗಿಯರು
ಅವನ ದೊಡ್ಡ ಕೊಡೆಯ ಅಂಚಿನಲ್ಲಿ.

ಬೇಕಿಲ್ಲದಿದ್ದರೂ ಮನೆ ಬೀಗಕ್ಕೆ
ಇನ್ನೊಂದು ಕೈ ಮಾಡಿಸಿದೆ.
'ಇಲ್ಲೊಂದು ಹೊಂಗೆ ಇತ್ತು' ಅಂದೆ.
'ಇರಬೇಕು' ಅಂದ, ಅರದಿಂದ ಕಣ್ಣೆತ್ತದೆ,
'ಸುಮ್ಮಸುಮ್ಮನೆ ಗೋಡೆ ಯಾಕಮ್ಮ ಸರಿದು ನಿಲ್ಲುತ್ತೆ?'

ಆ ಕೈ ನಮ್ಮ ಬೀಗಕ್ಕೆ ಕೂರಲಿಲ್ಲ.
ಒಂದು ಹಲ್ಲು ಚೂರು ಎತ್ತರವಾಯಿತು.
ತಿಕ್ಕಿಸಲು ನಾಳೆ ಮತ್ತೆ
ಅಲ್ಲಿಗೇ ಹೋಗಬೇಕು.